ಹದಿಮೂರನೆಯ ಅಂಗಿ

ಅಂಗಿಗಳ ಲೆಕ್ಕ ನನ್ನದು.
ಹನ್ನೆರಡು ಕೊಟ್ಟರೆ ಹನ್ನೆರಡು ವಾಪಸು ಬರಬೇಕು,
ಇಲ್ಲವಾದರೆ ಸಂಬಳಕ್ಕೆ ಕತ್ತರಿ.

ಎಬ್ರೊ ನದಿಗೆ ಬೆನ್ನು ಹಾಕಿ ಕೂತ ಊರು, ವಾಲ್ದೆಸಿಯೆರ್ಸೊ.
ದೆವ್ವದ ಸಿನಿಮಾ ತೆಗೆಯಲು ಹೋದೆವು, ಸೆಪ್ಟೆಂಬರಿನಲ್ಲಿ,
ಎರಡು ಲಾರಿ, ಒಂದು ಜನರೇಟರು, ನಾಲ್ಕು ಮೂಟೆ ಹಿಟ್ಟು.
ಹಿಟ್ಟು ದೆವ್ವಗಳ ಮುಖಕ್ಕೆ.
ರಕ್ತಕ್ಕೆ ಬೀಟ್‌ರೂಟು, ಸಕ್ಕರೆ ಪಾಕ;
ಸ್ಪೇನಿನ ನೊಣಗಳಿಗೆಲ್ಲ ಅಲ್ಲೇ ಹಬ್ಬ.

ಕತೆ ಇಷ್ಟೆ: ಯುದ್ಧದ ಮೊದಲ ಬೇಸಿಗೆ.
ಸ್ಮಶಾನದ ಗೋಡೆಗೆ ಹನ್ನೆರಡು ಜನರನ್ನು ಒರಗಿಸಿ ಗುಂಡಿಕ್ಕುತ್ತಾರೆ.
ನಡುರಾತ್ರಿ ಅವರೆದ್ದು ಬಂದು
ಹೆಸರು ಬರೆದುಕೊಟ್ಟವನ ಬಾಗಿಲು ತಟ್ಟುತ್ತಾರೆ.

ಸಾಯಲು ಊರಿನವರೇ ಸಿಕ್ಕರು:
ರೊಟ್ಟಿಯಂಗಡಿಯ ಸೆವೆರೊ, ಟ್ರಾಕ್ಟರಿನ ಲಿಬೋರಿಯೊ,
ಔಷಧದಂಗಡಿಯವಳ ಮಗ, ಹೀಗೆ.
ಬಂದೂಕು ಹಿಡಿಯಲು ಮಾತ್ರ ಒಬ್ಬನೂ ಒಪ್ಪಲಿಲ್ಲ.
ಅವರನ್ನು ಸರಗೋಸಾದಿಂದ ಬಸ್ಸಿನಲ್ಲಿ ತರಿಸಿದೆವು,
ಊಟ, ಭತ್ಯೆ ಸೇರಿಸಿ.

ಗೋಡೆಗೆ ಹೊಸ ಸುಣ್ಣ ಬಳಿದಿದ್ದರು, ನಾವು ಬರುವ ಹಿಂದಿನ ದಿನವೇ.
ಗುಂಡಿನ ತೂತು ಕೊರೆಯಲು ಹೋದ ಹುಡುಗ
ಸುಣ್ಣ ಕೆರೆದ, ಇನ್ನಷ್ಟು ಕೆರೆದ,
ಉಳಿ ಕೆಳಗಿಟ್ಟು ಬಂದ.
'ಕೊರೆಯುವ ಕೆಲಸವಿಲ್ಲ' ಎಂದ.

ಅಂದು ಆರು ಸಲ ಕೊಂದೆವು.
ಬೆಳಕು ಸರಿಯಿಲ್ಲವೆಂದು ಒಮ್ಮೆ,
ಲಿಬೋರಿಯೊ ಬೀಳುವಾಗ ನಕ್ಕನೆಂದು ಒಮ್ಮೆ,
ಉಳಿದದ್ದು ಯಾಕೆಂದು ನಿರ್ದೇಶಕನಿಗೇ ಗೊತ್ತು.
ಕಟ್ ಅಂದೊಡನೆ ಸತ್ತವರು ಮಂಡಿ ಕೊಡವಿ
ಸಿಗರೇಟಿಗೆ ಬೆಂಕಿ ಕೇಳುತ್ತಿದ್ದರು.

ಸಂಜೆ ಎಣಿಸಿದೆ. ಹದಿಮೂರು.
ಮತ್ತೆ ಎಣಿಸಿದೆ.
ಕಡಿಮೆ ಬಂದರೆ ಯಾರನ್ನು ಬೈಯಬೇಕೆಂದು ಬಲ್ಲೆ,
ಹೆಚ್ಚು ಬಂದರೆ?
ಅದರಲ್ಲಿ ಪಾಕವಿಲ್ಲ, ಬೀಟ್‌ರೂಟಿಲ್ಲ.
ಮನೆಯಲ್ಲಿ ಹೊಲಿದ ಅಂಗಿ, ಕಾಲರು ಮಗುಚಿ ಹಾಕಿದ್ದು.
ಗುಂಡಿಗಳಲ್ಲಿ ಒಂದು ಮಾತ್ರ ನೀಲಿ ದಾರದಲ್ಲಿ.
ಅಂಗಿಯ ತುಂಬ ನೀರು ಕಟ್ಟಿದ ಹೊಲದ ಹಸಿಮಣ್ಣಿನ ವಾಸನೆ.

ನಮ್ಮ ಶೂಟಿಂಗ್ ನೋಡಲು ದಿನವೂ
ಮನೆಯಿಂದ ಕುರ್ಚಿ ಹೊತ್ತು ತರುತ್ತಿದ್ದಳು ಒರೋಸಿಯಾ,
ಎಂಬತ್ತೆರಡರ ಮುದುಕಿ.
ಎಲ್ಲರೂ ಹೋದ ಮೇಲೂ ಕೂತಿದ್ದಳು.
ಅಂಗಿ ಈಸಿಕೊಂಡು ಒಳಮೈ ತಿರುವಿ
ಗುಂಡಿಯ ಹಿಂದಿನ ಗಂಟನ್ನು ಉಗುರಿನಿಂದ ಮೀಟಿದಳು.

'ಬಿಳಿ ದಾರ ಮುಗಿದಿತ್ತು.
ನನಗೆ ಒಂಬತ್ತು ವರ್ಷ. ಅವ್ವ ಬೈದಳು,
ಊರು ನೋಡಿ ನಗುವುದಿಲ್ಲವೇ ಎಂದಳು.
ಕತ್ತಲಲ್ಲಿ ಯಾರು ನೋಡುತ್ತಾರೆ ಬಿಡವ್ವ ಎಂದ ಬ್ರೌಲಿಯೊ.
ಆ ರಾತ್ರಿ ನಮ್ಮ ನೀರಿನ ಪಾಳಿ.
ಕಾಲುವೆಯ ತೂಬು ತೆಗೆಯಲು ಗುದ್ದಲಿ ಹಿಡಿದು ಹೋದ.
ಲಾರಿಯ ಸದ್ದು ಕೇಳಿಸಿತು, ಅಷ್ಟೆ.
ಬೆಳಗಾಗುವಷ್ಟರಲ್ಲಿ ಪಕ್ಕದವರ ಹೊಲಕ್ಕೂ ನೀರು ನುಗ್ಗಿತ್ತು,
ಮುಚ್ಚುವವರಿಲ್ಲದೆ.
ಅವರು ಅದಕ್ಕೂ ದಂಡ ಕೇಳಿದರು.'

ಅಳುತ್ತಾಳೆಂದು ಕಾದೆ. ಅಳಲಿಲ್ಲ.
'ಗಂಟು ಬಿಗಿಯಾಗಿದೆ' ಎಂದಳು, ತುಸು ಜಂಬದಿಂದಲೇ.

ನಿರ್ದೇಶಕನ ಕಿವಿಗೆ ಬಿತ್ತು. ಓಡಿ ಬಂದ.
ಅಸಲಿ ಅಂಗಿ! ನಾಯಕನಿಗೆ ತೊಡಿಸೋಣ,
ತೀರಾ ಹತ್ತಿರದಿಂದ ಹಿಡಿಯೋಣ, ಎಂದ.
ಮುದುಕಿ ಅವನನ್ನು ತಲೆಯಿಂದ ಕಾಲಿನವರೆಗೆ ಅಳೆದಳು.
'ನಿನ್ನ ನಾಯಕನಿಗೆ ಹೊಟ್ಟೆಯಿದೆ. ಆಗುವುದಿಲ್ಲ.'
ಮಡಿಸಿ ಸೆರಗಂಗಿಯ ಜೇಬಿಗೆ ತುರುಕಿ
ಕುರ್ಚಿ ಎತ್ತಿಕೊಂಡಳು.
ನಾನು ಪಟ್ಟಿಯಲ್ಲಿ ಬರೆದೆ: ಹನ್ನೆರಡು, ಸರಿಯಿದೆ.

ಮುಂದಿನ ಚಳಿಗಾಲ ಸಿನಿಮಾ ತೆರೆಗೆ ಬಂತು.
ಹಿಟ್ಟು ಬಳಿದ ಮುಖಗಳು ಕಿಟಕಿಗೆ ಅಂಟಿದಾಗ
ನನ್ನ ಪಕ್ಕದ ಹುಡುಗಿ ಚೀರಿ ಗೆಳೆಯನ ತೋಳು ಕಚ್ಚಿದಳು.
ಅದಕ್ಕೂ ಮೊದಲು ಗೋಡೆಯ ದೃಶ್ಯ ಬಂದಿತ್ತು;
ಆಗ ಯಾರೂ ಚೀರಿರಲಿಲ್ಲ.
ಹನ್ನೆರಡು ಜನ ಬಿದ್ದರು, ನಾನು ಎಣಿಸಿದೆ, ಅಭ್ಯಾಸಬಲ.
ಚೌಕಟ್ಟಿನ ಎಡ ತುದಿಯಲ್ಲಿ ಒಬ್ಬ
ಬೀಳುವುದನ್ನೇ ಮರೆತವನಂತೆ
ತೋಳು ಮಡಿಸಿಕೊಳ್ಳುತ್ತಿದ್ದ, ಅವಸರದಲ್ಲಿ,
ನೀರಿನ ಪಾಳಿಗೆ ತಡವಾದವನ ಹಾಗೆ.